ಚಿಪ್ಪಿನ ಚಿಪ್ಪು ಸುಲಿಯುವುದು: ರೋಲೆಂಡ್ ಜೂನೋ-106 ದುರಸ್ತಿ

ಜೂನೋ-106 ಸಿಂತಸೈಜರ್ (ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್) ದುರಸ್ತಿಗೆ ಬಂದಾಗ ಅದರ ಜೊತೆ ಬರುವ ದೂರು ಹೆಚ್ಚುಕಡಿಮೆ ಒಂದೇ ಥರ. "ನುಡಿಸುತ್ತಾ ಹೋದರೆ ಮಧ್ಯೆ ಒಂದು ಸ್ವರ ನುಂಗುತ್ತದೆ." ಬೇರೆ ಬೇರೆ ಕೀ ಒತ್ತಿ ಎಣಿಸುತ್ತಾ ಹೋದರೆ ತಪ್ಪುವುದು ಆರಕ್ಕೊಂದು. ಕೆಲವು ಯಂತ್ರಗಳಲ್ಲಿ ಆ ಆರನೆಯದು ಪೂರ್ತಿ ಮೂಕವಾಗಿರುವುದಿಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಪಟಪಟ ಎನ್ನುತ್ತದೆ, ಇಲ್ಲವೇ ಕೈ ತೆಗೆದ ಮೇಲೂ ಗುಂಯ್ ಎಂದು ಎಳೆಯುತ್ತಲೇ ಇರುತ್ತದೆ.

1984ರಲ್ಲಿ ಬಂದ ಈ ಸಿಂತಸೈಜರಿನಲ್ಲಿ ಆರು ವಾಯ್ಸ್‌ಗಳಿವೆ, ಅಂದರೆ ಒಮ್ಮೆಗೆ ಆರು ಸ್ವರ; ಒತ್ತಿದ ಕೀಗಳು ಸರದಿಯಲ್ಲಿ ಒಂದೊಂದು ವಾಯ್ಸಿಗೆ ಹೋಗುತ್ತವೆ. ಒಂದೊಂದು ವಾಯ್ಸಿಗೂ 80017ಎ ಎಂಬ ಒಂದು ಕರಿ ಚಿಪ್. ಸ್ವರದ ಹೊಳಪನ್ನು ತಿದ್ದುವ ಫಿಲ್ಟರ್ ಮತ್ತು ಸದ್ದನ್ನು ಏರಿಳಿಸುವ ವಿಸಿಎ ಎರಡೂ ಅದರೊಳಗೇ. ಚಿಪ್ ಎಂದು ಕರೆದರೂ ಅದು ನಿಜಕ್ಕೂ ಒಂದು ಪುಟಾಣಿ ಬೋರ್ಡು: ಪಿಂಗಾಣಿ ಹಲಗೆ, ಅದರ ಮೇಲೆ ಒಂದು ಐಆರ್3109, ಎರಡು ಬಿಎ662, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್. ಇಷ್ಟನ್ನೂ ಸೇರಿಸಿ ಕರಿ ರಾಳದಲ್ಲಿ ಅದ್ದಿ ತೆಗೆದಿದ್ದಾರೆ. ಕೆಡುವುದು ಒಳಗಿನ ಐಸಿಗಿಂತ ಹೆಚ್ಚಾಗಿ ಮೇಲಿನ ಈ ರಾಳ. ವರ್ಷ ಕಳೆದಂತೆ ಅದು ನಿರೋಧಕವಾಗಿ ಉಳಿಯುವುದಿಲ್ಲ, ಕರೆಂಟು ಸೋರಲು ಶುರುವಾಗುತ್ತದೆ. 1982ರ ಜೂನೋ-60ರಲ್ಲೂ ಇದೇ ಐಆರ್3109, ಇದೇ ಬಿಎ662 ಇವೆ. ಆದರೆ ಅವು ಸಾಧಾರಣ ಐಸಿ ರೂಪದಲ್ಲಿ ಬೋರ್ಡಿನ ಮೇಲೆ ಬಿಡಿಬಿಡಿಯಾಗಿ ಕುಳಿತಿವೆ, ಹಾಗಾಗಿ ಆ ಯಂತ್ರಕ್ಕೆ ಈ ರೋಗ ಇಲ್ಲ. 106ರ ಜೊತೆಗೆ ರೋಲೆಂಡಿನದೇ ಎಚ್‌ಎಸ್-60 ಮತ್ತು ಎಂಕೆಎಸ್-7 ಯಂತ್ರಗಳಲ್ಲಿಯೂ 80017ಎ ಇರುವುದರಿಂದ ಕೆಳಗಿನ ಚಿಪ್ ಕೆಲಸ ಆ ಎರಡಕ್ಕೂ ಹೊಂದುತ್ತದೆ.

ಅಷ್ಟು ಚೂರು ಸೋರಿಕೆಗೆ ಇಡೀ ವಾಯ್ಸ್ ಸಾಯುವುದು ಯಾಕೆ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಫಿಲ್ಟರಿನ ನಾಲ್ಕು ಹಂತಗಳಿಗೂ ಒಂದೊಂದು 240 ಪಿಕೋಫ್ಯಾರಡ್ ಕೆಪಾಸಿಟರ್. ಕಟಾಫ್ (ಫಿಲ್ಟರ್ ಕತ್ತರಿಸಲು ಶುರುಮಾಡುವ ಮಟ್ಟ) ಕೆಳಗಿದ್ದಾಗ ಇವನ್ನು ತುಂಬಿಸಿ ಬರಿದು ಮಾಡುವ ಕರೆಂಟು ಒಂದು ಮೈಕ್ರೋಆಂಪಿಗಿಂತಲೂ ಎಷ್ಟೋ ಕಡಿಮೆ. ಈಗ 15 ವೋಲ್ಟಿನ ಗೆರೆಗೂ ಆ ಕೆಪಾಸಿಟರಿನ ಕಾಲಿಗೂ ನಡುವೆ ರಾಳದ ಮೂಲಕ 10 ಮೆಗಾಓಮಿನ ದಾರಿ ಬಿದ್ದಿತು ಎಂದುಕೊಳ್ಳಿ: ಹರಿಯುವುದು 1.5 ಮೈಕ್ರೋಆಂಪ್. ಚಮಚದಲ್ಲಿ ತುಂಬಿಸುತ್ತಿದ್ದ ಲೋಟಕ್ಕೆ ನಲ್ಲಿ ಬಿಟ್ಟ ಹಾಗಾಯಿತು. ಆ ಹಂತ ಒಂದು ಕಡೆಗೆ ವಾಲಿ ಅಲ್ಲೇ ನಿಂತುಬಿಡುತ್ತದೆ. ಇಷ್ಟು ದೊಡ್ಡ ರೆಸಿಸ್ಟೆನ್ಸನ್ನು ಬೋರ್ಡಿನ ಮೇಲೇ ಮಲ್ಟಿಮೀಟರಿನಿಂದ ಅಳೆಯುತ್ತೇನೆಂದರೆ ಅಕ್ಕಪಕ್ಕದ ಬಿಡಿಭಾಗಗಳು ಬಿಡುವುದಿಲ್ಲ. ಮೀಟರು "ಸರಿಯಿದೆ" ಎಂದಿತು ಅಂತ ಚಿಪ್ಪನ್ನು ನಂಬಬೇಡಿ.

ಆದರೂ ಬಿಚ್ಚಿದ ತಕ್ಷಣ ಚಿಪ್ಪಿನ ಮೇಲೆ ಬೀಳುವುದು ತಪ್ಪು. 106 ಅಂದರೆ ಚಿಪ್ ಹೋಗಿದೆ ಎಂಬ ಮಾತು ಎಷ್ಟು ಹರಡಿದೆಯೆಂದರೆ, ಆರೂ ಹೊಸ ಚಿಪ್ ತರಿಸಿ ಹಾಕಿ, ಕೊನೆಗೆ ನೋಡಿದರೆ ಬೆಟ್ಟ ಅಗೆದು ಇಲಿ ಹಿಡಿದಂತೆ ಒಂದು ಸಡಿಲ ಕನೆಕ್ಟರ್ ಸಿಕ್ಕಿರುತ್ತದೆ.

ಮೊದಲು ಕರೆಂಟು

ಪ್ಲಗ್ ಚುಚ್ಚುವ ಮುನ್ನ ಹಿಂಬದಿಯ ಪಟ್ಟಿಯಲ್ಲಿ ಎಷ್ಟು ವೋಲ್ಟ್ ಎಂದಿದೆ ಓದಿಕೊಳ್ಳಿ. ಜಪಾನಿನ ಒಳಮಾರುಕಟ್ಟೆಯ ಯಂತ್ರ 100 ವೋಲ್ಟಿನದು, ಅಮೆರಿಕದ್ದು 117ರ ಆಸುಪಾಸಿನದು. ನಮ್ಮ 230ಕ್ಕೆ ನೇರ ಕೊಟ್ಟರೆ ಫ್ಯೂಸ್ ಹಾರಿದರೆ ಪುಣ್ಯ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದೇ ಅಳತೆಯದು ಹುಡುಕುವುದು ಸುಲಭವಲ್ಲ. ಸ್ಟೆಪ್‌ಡೌನ್ ಕೊಳ್ಳುವಾಗ ಎರಡು ಬೇರೆ ಬೇರೆ ಸುರುಳಿಯದನ್ನೇ ಕೇಳಿ. ಅಗ್ಗಕ್ಕೆ ಸಿಗುವ ಆಟೋ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ತೆರೆದ ಯಂತ್ರದಲ್ಲಿ ಕೈ ಹಾಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸ್ಕ್ರೂ ಬಿಚ್ಚಿದರೆ ಮೇಲಿನ ಪ್ಯಾನೆಲ್ ಕಾರಿನ ಬಾನೆಟ್ಟಿನಂತೆ ಏಳುತ್ತದೆ. ಸ್ಕ್ರೂಗಳ ಉದ್ದ ಒಂದೇ ಅಲ್ಲ. ಒಂದು ರಟ್ಟಿನ ಮೇಲೆ ಯಂತ್ರದ ಆಕಾರ ಬರೆದು, ಬಿಚ್ಚಿದ ಜಾಗದಲ್ಲೇ ಚುಚ್ಚಿಡುತ್ತಾ ಹೋಗಿ. ಆನ್ ಮಾಡಿ ಮೂರು ಅಳತೆ ತೆಗೆದುಕೊಳ್ಳಿ: +15, −15, +5. ಡಿಸಿ ಸರಿಯಿದ್ದರೆ ಮೀಟರನ್ನು ಎಸಿಗೆ ತಿರುಗಿಸಿ ರಿಪಲ್ (ಡಿಸಿಯ ಮೇಲೆ ಉಳಿದ ಎಸಿ ಅಲೆ) ನೋಡಿ, ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. 15 ವೋಲ್ಟಿನ ಗೆರೆಗಳಲ್ಲಿ 10 ಮಿಲಿವೋಲ್ಟ್ ದಾಟಿದ ರಿಪಲ್ ಕಂಡರೆ ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸುವುದು ಲೇಸು. 105 ಡಿಗ್ರಿಯದು, ಅದೇ ಮೈಕ್ರೋಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇವು ಧಾರಾಳ. ಕೊಳ್ಳುವಾಗ ಕಾಲಿನ ಅಂತರ ಹೊಂದುತ್ತದೆಯೇ ನೋಡಿಕೊಳ್ಳಿ, ಹೊಸ ಕೆಪಾಸಿಟರ್ ಗಾತ್ರದಲ್ಲಿ ಚಿಕ್ಕದಾಗಿರುತ್ತದೆ. ಇಡೀ ಯಂತ್ರದ ಕೆಪಾಸಿಟರ್ ಎಲ್ಲ ಕಿತ್ತು ಹೊಸದು ಹಾಕುವ ಚಟ ಬೇಡ. ಬೇಡದ ನೂರು ಬೆಸುಗೆಯಲ್ಲಿ ಹತ್ತು ಕಡೆಯಾದರೂ ತಾಮ್ರ ಏಳುತ್ತದೆ, ಸಿಗುವ ಲಾಭ ಸೊನ್ನೆ.

ಯಾರ ತಪ್ಪು?

ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಯಂತ್ರ ಟೆಸ್ಟ್ ಮೋಡಿಗೆ ಹೋಗುತ್ತದೆ. ಈಗ ಕೀ ಒತ್ತಿದಾಗಲೆಲ್ಲ ಯಾವ ವಾಯ್ಸ್ ನುಡಿಯುತ್ತಿದೆ ಎಂಬ ಸಂಖ್ಯೆ ಡಿಸ್ಪ್ಲೇಯಲ್ಲಿ ಕಾಣುತ್ತದೆ. ಒಂದು ಹಾಳೆಯಲ್ಲಿ 1ರಿಂದ 6 ಬರೆದುಕೊಂಡು, ಪ್ರತಿ ವಾಯ್ಸಿನ ಮುಂದೆ ಕೇಳಿದ್ದನ್ನು ಬರೆಯಿರಿ: ಮೂಕ, ಪಟಪಟ, ಮಂಕು, ಬಿಡುವುದಿಲ್ಲ. ಬರೆಯದೆ ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಎಂದವರು ಸಂಜೆ ಹೊತ್ತಿಗೆ 2 ಮತ್ತು 5ನ್ನು ಅದಲುಬದಲು ಮಾಡಿರುತ್ತಾರೆ.

ಅಳತೆಗೋಲು ಸರಳ. ಆರೂ ವಾಯ್ಸ್ ಒಂದೇ ರೀತಿ ಕೆಟ್ಟಿದ್ದರೆ ತಪ್ಪು ಎಲ್ಲರೂ ಹಂಚಿಕೊಂಡ ದಾರಿಯಲ್ಲಿ: ಪವರ್, ಡಿಎ ಕನ್ವರ್ಟರ್ (ಅಂಕಿಯನ್ನು ವೋಲ್ಟೇಜ್ ಮಾಡುವುದು), ಕೋರಸ್ (ಸ್ವರವನ್ನು ದಪ್ಪವಾಗಿಸುವ ಎಫೆಕ್ಟ್), ಔಟ್‌ಪುಟ್. ಒಂದೋ ಎರಡೋ ಮಾತ್ರ ಕೆಟ್ಟಿದ್ದರೆ ತಪ್ಪು ಆ ವಾಯ್ಸಿನೊಳಗೆ. ಆದರೆ ವಾಯ್ಸಿನೊಳಗೂ ಆರೋಪಿಗಳು ಮೂವರು.

ಮೊದಲನೆಯವ ಡಿಸಿಒ, ಅಂದರೆ ಮೂಲ ಅಲೆ ಹುಟ್ಟಿಸುವ ಭಾಗದ ಕಡೆಯವ. 106ರ ಪಿಚ್ ಹುಟ್ಟುವುದು 8253 ಟೈಮರ್ ಐಸಿಗಳ ಎಣಿಕೆಯಿಂದ. ಎರಡು ಐಸಿ, ಒಂದೊಂದರಲ್ಲಿ ಮೂರು ಕೌಂಟರ್, ಒಟ್ಟು ಆರು. ಆ ಡಿಜಿಟಲ್ ತುಡಿತವನ್ನು ಸಾ ವೇವ್ (ಗರಗಸದ ಹಲ್ಲಿನಂಥ ಅಲೆ), ಪಲ್ಸ್, ಸಬ್ (ಒಂದು ಆಕ್ಟೇವ್ ಕೆಳಗಿನ ಅಲೆ) ಆಗಿ ರೂಪಿಸುವುದು ಎಂಸಿ5534ಎ. ಅದೂ ಕರಿ ರಾಳದ ಚಿಪ್ಪೇ, ಅದೂ ಕೆಡುತ್ತದೆ, ಆದರೆ 80017ಎಯಷ್ಟು ಅಲ್ಲ. ಅದು ಕೆಟ್ಟರೆ ಒಂದು ಅಲೆ ಮಾತ್ರ ಕಾಣೆಯಾಗಿರುವುದುಂಟು: ಪಲ್ಸ್ ಇದೆ, ಸಾ ಇಲ್ಲ. ಇದನ್ನು ಬೇರ್ಪಡಿಸುವ ಉಪಾಯ ಇದು. ಡಿಸಿಒ ಅಲೆಗಳನ್ನೆಲ್ಲ ಮುಚ್ಚಿ, ಸಬ್ ಮತ್ತು ನಾಯ್ಸ್ ಕೆಳಗಿಳಿಸಿ, ರೆಸೊನೆನ್ಸ್ (ಕಟಾಫಿನ ಬಳಿ ಸ್ವರವನ್ನು ಮೊನಚಾಗಿಸುವುದು) ಪೂರ್ತಿ ಮೇಲೇರಿಸಿ, ಕೀ ಫಾಲೋ (ಕೀ ಮೇಲೇರಿದಂತೆ ಕಟಾಫೂ ಏರುವುದು) ಪೂರ್ತಿ ಕೊಟ್ಟು ಕಟಾಫನ್ನು ಮಧ್ಯಕ್ಕೆ ತನ್ನಿ. ಆರೋಗ್ಯವಂತ ಫಿಲ್ಟರ್ ಯಾರ ಹಂಗೂ ಇಲ್ಲದೆ ತಾನೇ ಸಿಳ್ಳೆ ಹೊಡೆಯುತ್ತದೆ. ಸಿಳ್ಳೆ ಇದೆ, ಸಾ ವೇವ್ ಇಲ್ಲ ಎಂದಾದರೆ 80017ಎ ನಿರಪರಾಧಿ. ಎಂಸಿ5534ಎ ಕಡೆ ನೋಡಿ. ಸಿಳ್ಳೆಯೂ ಇಲ್ಲ, ನಾಯ್ಸ್ ಏರಿಸಿದರೂ ಇಲ್ಲ ಎಂದಾದರೆ ಇನ್ನಿಬ್ಬರು ಉಳಿದರು.

ಅವರಲ್ಲಿ ಒಬ್ಬನನ್ನು ಮರೆಯುವವರೇ ಹೆಚ್ಚು. 106ರಲ್ಲಿ ಎನ್ವೆಲಪ್ (ಒಂದೊಂದು ಸ್ವರ ಏರಿ ಇಳಿಯುವ ಆಕಾರ) ಅನಲಾಗ್ ಅಲ್ಲ. ಸಿಪಿಯು ಲೆಕ್ಕ ಹಾಕಿ, ಡಿಎ ಕನ್ವರ್ಟರಿನಿಂದ ವೋಲ್ಟೇಜ್ ಮಾಡಿ, 4051 ಮಲ್ಟಿಪ್ಲೆಕ್ಸರ್ ಮೂಲಕ ಒಂದೊಂದು ವಾಯ್ಸಿನ ಹೋಲ್ಡ್ ಕೆಪಾಸಿಟರಿಗೆ ಸರದಿಯಲ್ಲಿ ಹಂಚುತ್ತದೆ. 4051ರ ಒಂದು ಕಾಲು ಸತ್ತಿದ್ದರೂ ಆ ವಾಯ್ಸ್ ಮೂಕ. ಹಾಗಾಗಿ ಚಿಪ್ ಕೀಳುವ ಮುನ್ನ ಸರ್ವಿಸ್ ನೋಟ್ಸ್ (ಕಂಪನಿಯ ದುರಸ್ತಿ ಕೈಪಿಡಿ) ಹರಡಿಕೊಂಡು, ಆ 80017ಎಯ ವಿಸಿಎ ಕಂಟ್ರೋಲ್ ಪಿನ್ನಿನಲ್ಲಿ ಸ್ಕೋಪ್ ಇಡಿ. ಕೀ ಒತ್ತಿದಾಗ ವೋಲ್ಟೇಜ್ ಏರಿ, ಬಿಟ್ಟಾಗ ಇಳಿಯಬೇಕು. ಫಿಲ್ಟರ್ ಕಂಟ್ರೋಲ್ ಪಿನ್ನಿನಲ್ಲಿ ಕಟಾಫ್ ಸ್ಲೈಡರ್ ಆಡಿಸಿದ ಹಾಗೆ ಅದೂ ಆಡಬೇಕು. ಪಕ್ಕದ ಒಳ್ಳೆಯ ವಾಯ್ಸಿನ ಅದೇ ಪಿನ್ನಿನ ಜೊತೆ ಹೋಲಿಸಿ. ಒಳಗೆ ಹೋಗುವ ಸಿಗ್ನಲ್ ಇದೆ, ಎರಡೂ ಕಂಟ್ರೋಲ್ ಇದೆ, ಹೊರಗೆ ಬರುವುದು ಇಲ್ಲ: ಆಗ ಮಾತ್ರ ಚಿಪ್ಪಿಗೆ ಶಿಕ್ಷೆ.

ಕೆಲವು ಚಿಪ್‌ಗಳು ಬಿಸಿಯಾದ ಮೇಲಷ್ಟೇ ತಗಾದೆ ತೆಗೆಯುತ್ತವೆ. ಅರ್ಧ ಗಂಟೆ ಓಡಿಸಿ ಮತ್ತೊಮ್ಮೆ ಆರೂ ಕೇಳಿ. ಹೇರ್ ಡ್ರೈಯರ್ ಗಾಳಿಯನ್ನು ಒಂದೊಂದರ ಮೇಲೆ ಹಾಯಿಸಿದರೆ ಕಳ್ಳ ಬೇಗ ಸಿಗುತ್ತಾನೆ. ಇನ್ನೊಂದು ಕಡೆ, ಕರಾವಳಿಯ ಮಳೆಗಾಲದಲ್ಲಿ ಬೆಳಗ್ಗೆ ಆನ್ ಮಾಡಿದಾಗ ಪಟಪಟ ಎಂದು, ಗಂಟೆ ಕಳೆದಂತೆ ಶಾಂತವಾಗುವ ವಾಯ್ಸ್ ಇದ್ದರೆ ಅದೂ ಇದೇ ಸೋರಿಕೆಯ ಲಕ್ಷಣವೇ. ಬಿಸಿಗೆ ತೇವ ಆರಿದೆ, ರೋಗ ವಾಸಿಯಾಗಿಲ್ಲ.

ಹೊಸದೋ, ಹಳೆಯದನ್ನೇ ಸುಲಿಯುವುದೋ

ದಾರಿ ಎರಡು. 80017ಎಗೆ ಬದಲಿ ಚಿಪ್‌ಗಳು ಇವತ್ತು ಸಿಗುತ್ತವೆ. ಐಆರ್3109 ಮತ್ತು ಬಿಎ662ರ ನಕಲುಗಳನ್ನು ಲಾಟ್ವಿಯಾದ ಆಲ್ಫಾ ಕಂಪನಿ ಎಎಸ್3109, ಎಎಸ್662 ಎಂಬ ಹೆಸರಲ್ಲಿ ಹೊಸದಾಗಿ ಮಾಡುತ್ತಿದೆ. ಇನ್ನೊಂದು ದಾರಿ, ಹಳೆಯ ಚಿಪ್ಪಿನ ರಾಳವನ್ನು ಆಸಿಟೋನಿನಲ್ಲಿ ನೆನೆಸಿ ತೆಗೆಯುವುದು. ಒಳಗಿನ ಐಸಿ ಬದುಕಿದ್ದರೆ ಚಿಪ್ ಎದ್ದು ಕೂರುತ್ತದೆ, ಖರ್ಚು ಒಂದು ಬಾಟಲಿ ಆಸಿಟೋನ್.

ನಮ್ಮ ಸಲಹೆ: ಒಂದು ಕೆಟ್ಟಿದ್ದರೂ ಆರನ್ನೂ ಸುಲಿಯಿರಿ, ಜೊತೆಗೆ ಒಂದು ಹೊಸ ಬದಲಿ ಕೈಯಲ್ಲಿರಲಿ. ಒಂದೇ ವಯಸ್ಸಿನ ರಾಳ, ಒಂದೇ ಕೋಣೆಯ ತೇವ. ಇವತ್ತು ಎರಡನೆಯದು ಹೋದರೆ ಮುಂದಿನ ಮಳೆಗಾಲಕ್ಕೆ ನಾಲ್ಕನೆಯದು ಹೋಗುತ್ತದೆ, ಪ್ರತಿ ಸಲ ಯಂತ್ರ ಬಿಚ್ಚಿ ಫಿಲ್ಟರ್ ಹೊಂದಿಸುತ್ತಾ ಕೂರಬೇಕು. ಆದರೆ ಡಿಸೋಲ್ಡರಿಂಗ್ ಕೈ ಇನ್ನೂ ಪಳಗಿಲ್ಲ ಎಂದಿದ್ದರೆ ಈ ಸಲಹೆ ಕಿವಿಗೆ ಹಾಕಿಕೊಳ್ಳಬೇಡಿ. ಕೆಟ್ಟದ್ದೊಂದನ್ನೇ ತೆಗೆಯಿರಿ. ಒಳ್ಳೆಯ ಚಿಪ್ಪನ್ನು ಕೀಳುವಾಗ ಮುರಿಯುವ ಸಂಕಟ ದೊಡ್ಡದು.

ಕೀಳುವುದು

ಹಳೆಯ ಬೋರ್ಡಿನ ತಾಮ್ರದ ಅಂಟು ಸಡಿಲ. 330ರಿಂದ 350 ಡಿಗ್ರಿಯ ಕಾವಿಗೆ, ಒಂದು ಪ್ಯಾಡಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಕೂರಬಾರದು. ಮೊದಲು ಪ್ರತಿ ಪಿನ್ನಿಗೆ ಹೊಸ 63/37 ಬೆಸುಗೆ ಸೀಸ ಚೂರು ಸೇರಿಸಿ. ಸೀಸ ತೆಗೆಯಬೇಕಾದಲ್ಲಿ ಸೀಸ ಸೇರಿಸುವುದು ವಿಚಿತ್ರ ಎನಿಸಬಹುದು, ಆದರೆ ಹಳೆಯದು ಒಣಗಿದೆ, ಹೊಸದರ ಫ್ಲಕ್ಸ್ ಸಿಕ್ಕರೆ ಮಾತ್ರ ಅದು ನೀರಾಗಿ ಹರಿಯುತ್ತದೆ. ಆಮೇಲೆ ಪಂಪಿನಿಂದ ಎಳೆದು, ಉಳಿದಿದ್ದನ್ನು ವಿಕ್ಕಿನಿಂದ (ಸೀಸ ಹೀರುವ ತಾಮ್ರದ ಹೆಣಿಗೆ) ಒರೆಸಿ. ಪಿನ್ ತನ್ನ ತೂತಿನಲ್ಲಿ ಗಡಗಡ ಅಲುಗಿದರೆ ಬಿಟ್ಟಿದೆ ಎಂದರ್ಥ. ಎಲ್ಲ ಪಿನ್ ಅಲುಗುವವರೆಗೆ ಚಿಪ್ಪನ್ನು ಮೇಲಕ್ಕೆ ಎಳೆಯಬೇಡಿ. ಒಂದೇ ಸಾಲಿನ ಪಿನ್ ಆದ್ದರಿಂದ ಒಂದು ತುದಿಯಿಂದ ಮೀಟಿದರೆ ಪಿಂಗಾಣಿ ಹಲಗೆ ಅಡ್ಡಕ್ಕೆ ಸೀಳುತ್ತದೆ, ಆಮೇಲೆ ಯಾವ ಆಸಿಟೋನೂ ಅದನ್ನು ಬದುಕಿಸದು.

ಕೀಳುವ ಮುನ್ನ ಫೋಟೋ ತೆಗೆಯಿರಿ. ಒಂದೇ ಸಾಲಿನ ಚಿಪ್ಪನ್ನು ಹಿಂದುಮುಂದು ಹಾಕುವುದು ಕಷ್ಟದ ಕೆಲಸವೇನಲ್ಲ, ಹಾಗೆ ಹಾಕಿ ಆನ್ ಮಾಡಿದರೆ 15 ವೋಲ್ಟ್ ಹೋಗಬಾರದಲ್ಲಿಗೆ ಹೋಗುತ್ತದೆ. ಯಾವುದು ಯಾವ ವಾಯ್ಸಿನದು ಎಂದು ಚಿಪ್ಪಿನ ಮೇಲೆ ಮಾರ್ಕರಿನಲ್ಲಿ ಬರೆದರೆ ಪ್ರಯೋಜನವಿಲ್ಲ, ಆಸಿಟೋನ್ ಮೊದಲು ಅಳಿಸುವುದೇ ಅದನ್ನು. ಒಂದೊಂದಕ್ಕೂ ಬೇರೆ ಸೀಸೆ, ಸೀಸೆಯ ಕೆಳಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದ ಚೀಟಿ. ಪೆನ್ಸಿಲ್ ಗೀಟು ಆಸಿಟೋನಿಗೆ ಜಗ್ಗುವುದಿಲ್ಲ.

ಖಾಲಿಯಾದ ತೂತುಗಳಿಗೆ ಚಿಪ್ಪನ್ನು ಮತ್ತೆ ನೇರ ಬೆಸೆಯದೆ ಸಾಕೆಟ್ ಪಟ್ಟಿ ಹಾಕಿ. ದುಂಡು ರಂಧ್ರದ, ತಿರುಗಣಿ ಕೊರೆತದ ಪಿನ್ನಿನ ಪಟ್ಟಿಯೇ ಆಗಬೇಕು. ಅಗ್ಗದ ಚಪ್ಪಟೆ ಎಲೆಯ ಪಟ್ಟಿ ವರ್ಷ ಕಳೆದಂತೆ ಸಡಿಲವಾಗಿ ಹೊಸ ಪಟಪಟಕ್ಕೆ ಕಾರಣವಾಗುತ್ತದೆ. ಚಿಪ್ ಎತ್ತರ ಹೆಚ್ಚಾದರೆ ಮುಚ್ಚಳಕ್ಕೆ ತಾಗುತ್ತದೆಯೇ ಎಂದು ಮೊದಲೇ ನೋಡಿ.

ಮೂರು ದಿನದ ನೆನೆ

ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ನೀರು, ಎಣ್ಣೆ, ಸುಗಂಧ ಎಲ್ಲ ಬೆರೆಸಿರುತ್ತಾರೆ. ಪ್ರಯೋಗಾಲಯಕ್ಕೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧ ಆಸಿಟೋನ್ ಕೇಳಿ, ಅರ್ಧ ಲೀಟರ್ ಆರಕ್ಕೂ ಸಾಕು. ಗಾಜಿನ ಸಣ್ಣ ಸೀಸೆ, ಮೇಲೆ ಅಲ್ಯೂಮಿನಿಯಂ ಹಾಳೆ ಬಿಗಿದು ಮುಚ್ಚಿ. ಪ್ಲಾಸ್ಟಿಕ್ ಡಬ್ಬಿ ಕರಗಿ ಚಿಪ್ಪಿಗೇ ಅಂಟುತ್ತದೆ, ರಬ್ಬರ್ ಒಳಪದರದ ಮುಚ್ಚಳ ಉಬ್ಬುತ್ತದೆ. ಕೈಗೆ ಬ್ಯೂಟೈಲ್ ಗ್ಲೌಸ್. ಸಾಮಾನ್ಯ ನೈಟ್ರೈಲ್ ಗ್ಲೌಸನ್ನು ಆಸಿಟೋನ್ ಬೇಗ ದಾಟುತ್ತದೆ. ಇದು ಸೊನ್ನೆ ಡಿಗ್ರಿಗಿಂತ ಕೆಳಗೂ ಬೆಂಕಿ ಹಿಡಿಯುವ ದ್ರವ. ಬಿಸಿ ಬೆಸುಗೆ ಕಡ್ಡಿ, ದೇವರ ದೀಪ, ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಸೀಸೆ ಇಡಬೇಡಿ.

ಒಂದು ದಿನ ಬಿಟ್ಟು ನೋಡಿದರೆ ರಾಳ ಸ್ವಲ್ಪ ಮಾಸಲಾಗಿ, ಅಂಚಿನಲ್ಲಿ ಉಬ್ಬಿರುತ್ತದೆ. ಕೆಲವು ಚಿಪ್ 24 ಗಂಟೆಗೇ ಬಿಡುತ್ತದೆ, ಕೆಲವು 72 ಗಂಟೆ ಹಿಡಿಯುತ್ತದೆ. ಎರಡನೇ ದಿನ ಆಸಿಟೋನ್ ಕಲಕಿದ್ದರೆ ಚೆಲ್ಲಿ ಹೊಸದು ಹಾಕಿ. ಹದ ಬಂದಿದೆಯೇ ಎಂದು ನೋಡಲು ಮರದ ಹಲ್ಲುಕಡ್ಡಿಯಿಂದ ಮೂಲೆಯಲ್ಲಿ ಒತ್ತಿ. ಬೆರಳಿನ ಉಗುರಿನಂತೆ ಗಟ್ಟಿಯಿದ್ದರೆ ಇನ್ನೂ ಬೇಕು. ಒದ್ದೆ ರಟ್ಟಿನಂತೆ ಕುಸಿದರೆ ಸರಿ.

ಇಲ್ಲೇ ಜನ ಕೆಡಿಸುವುದು. ಹಿತುಕಿದವರೆ ಮಾಡುವವರ ಹಾಗೆ ಎರಡು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಒಂದೇ ಏಟಿಗೆ ಬರುತ್ತದೆ, ನಿಜ, ಒಳಗಿನ ಕೆಪಾಸಿಟರೂ ಸಿಪ್ಪೆಯ ಜೊತೆಗೇ ಬರುತ್ತದೆ. ಚಿಪ್ಪನ್ನು ಚಪ್ಪಟೆಯಾಗಿ ಬಿಳಿ ತಟ್ಟೆಯ ಮೇಲೆ ಮಲಗಿಸಿ, ಆಸಿಟೋನ್ ಆರಲು ಬಿಡದೆ ಒಂದೆರಡು ಹನಿ ಬಿಡುತ್ತಾ, ಪಿನ್ನಿನ ಎದುರಿನ ಅಂಚಿನಿಂದ ಹಲ್ಲುಕಡ್ಡಿಯಲ್ಲಿ ಸಣ್ಣ ಸಣ್ಣ ಚೂರಾಗಿ ಎಬ್ಬಿಸಿ. ಮೇಲಕ್ಕೆ ಎಳೆಯಬೇಡಿ, ಪಕ್ಕಕ್ಕೆ ಸರಿಸಿ. ಆರಿದರೆ ರಾಳ ಮತ್ತೆ ಗಟ್ಟಿಯಾಗುತ್ತದೆ, ಆಗ ಜಗ್ಗಾಡದೆ ವಾಪಸ್ ಸೀಸೆಗೆ ಹಾಕಿ ಇನ್ನೊಂದು ರಾತ್ರಿ ಕಾಯಿರಿ. ಲೋಹದ ಚಿಮುಟ, ಬ್ಲೇಡು ದೂರವಿರಲಿ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕಿದರೆ ಬೇಗ ಆಗುತ್ತದೆ ಎಂಬ ಆಸೆಯೂ ಬೇಡ, ನಡುಕಕ್ಕೆ ಕೆಪಾಸಿಟರ್ ಕಳಚುವ ಅಪಾಯ ಹೆಚ್ಚು. ಪಿನ್ನಿನ ಬುಡದಲ್ಲಿ ಉಳಿಯುವ ಕರಿ ಗೆರೆಯನ್ನು ಬಿಡಬೇಡಿ. ಪಿನ್ನಿನಿಂದ ಪಿನ್ನಿಗೆ ಸೋರಿಕೆಯ ಸೇತುವೆ ಅಲ್ಲೇ ಇರುವುದು. ಮೇಲ್ಭಾಗ ಫಳಫಳ ಮಾಡಿ ಬುಡ ಬಿಟ್ಟರೆ ಮಾಡಿದ ಕೆಲಸ ದಂಡ.

ಸುಲಿದ ಮೇಲೆ ಹೊಸ ಆಸಿಟೋನಿನಲ್ಲಿ ಒಮ್ಮೆ ಅದ್ದಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆ ಬ್ರಶ್ಶಿನಿಂದ ತೊಳೆಯಿರಿ. ದ್ರವದ ಆವಿ ಪೂರ್ತಿ ಹೋಗುವವರೆಗೆ ಬಯಲಲ್ಲಿ ಆರಿಸಿ, ಆಮೇಲೆ 60 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ ಒಂದು ಗಂಟೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಆರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಐದರಲ್ಲಿ ಇರುವ ತುಂಡು ಆರನೆಯದರಲ್ಲಿ ಇಲ್ಲದಿದ್ದರೆ ಅದು ಸೀಸೆಯ ತಳದಲ್ಲೋ ರಾಳದ ಚೂರಿನಲ್ಲೋ ಇದೆ. ಆದ್ದರಿಂದ ಪರೀಕ್ಷೆ ಮುಗಿಯುವ ತನಕ ಸಿಪ್ಪೆ ಎಸೆಯಬೇಡಿ.

ಕಳಚಿದ್ದು ಫಿಲ್ಟರಿನ 240 ಪಿಕೋಫ್ಯಾರಡ್ ಆಗಿದ್ದರೆ ಬದಲಿಗೆ ಸಿ0ಜಿ ಜಾತಿಯದೇ ಹಾಕಬೇಕು, 5 ಶೇಕಡಾ ಅಥವಾ ಅದಕ್ಕಿಂತ ಬಿಗಿ. ಎಕ್ಸ್7ಆರ್ ಜಾತಿಯ ಕೆಪಾಸಿಟರ್ ಅದೇ ಸಂಖ್ಯೆ ಬರೆದುಕೊಂಡು ಬರುತ್ತದೆ, ಆದರೆ ಮೇಲೆ ಬಿದ್ದ ವೋಲ್ಟೇಜಿಗೂ ಕಾವಿಗೂ ತಕ್ಕಂತೆ ಅದರ ಮೌಲ್ಯ ಕುಣಿಯುತ್ತದೆ. ಆ ಒಂದು ವಾಯ್ಸ್ ಯಾವತ್ತೂ ಉಳಿದ ಐದರ ಜೊತೆ ಸೇರುವುದಿಲ್ಲ.

ಸುಲಿದ ಚಿಪ್ಪಿಗೆ ಮತ್ತೆ ವಾರ್ನಿಶ್ ಹಚ್ಚಬೇಕೇ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಬೇಡ. ಒಂದು ಲೇಪದಿಂದ ಬಂದ ರೋಗಕ್ಕೆ ಇನ್ನೊಂದು ಲೇಪವನ್ನು ಮದ್ದು ಎನ್ನುವುದು ಸರಿ ಕಾಣುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ತೇವಕ್ಕೆ ಹೆದರುವವರು ಯಂತ್ರಕ್ಕೆ ಮುಚ್ಚಿಗೆ ಹಾಕಿ, ವಾರಕ್ಕೊಮ್ಮೆ ಎರಡು ಗಂಟೆ ಓಡಿಸಿದರೆ ಸಾಕು.

ಚಿಪ್‌ಗಳನ್ನು ಸಾಕೆಟ್ಟಿಗೆ ಹಾಕಿ ಟೆಸ್ಟ್ ಮೋಡ್‌ನಲ್ಲಿ ಕೇಳಿ. ಇನ್ನೂ ಒಂದು ವಾಯ್ಸ್ ತಪ್ಪುತ್ತಿದ್ದರೆ ಅದರ ಚಿಪ್ಪನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ತಪ್ಪು ಚಿಪ್ಪಿನ ಹಿಂದೆ ಹೋದರೆ ಒಳಗಿನ ಐಸಿಯೇ ಸತ್ತಿದೆ, ಬದಲಿ ಹಾಕಿ. ತಪ್ಪು ಅದೇ ವಾಯ್ಸಿನಲ್ಲಿ ಉಳಿದರೆ 4051, ಹೋಲ್ಡ್ ಕೆಪಾಸಿಟರ್ ಅಥವಾ ನೀವೇ ಎಬ್ಬಿಸಿದ ಒಂದು ಪ್ಯಾಡು.

ಆರನ್ನೂ ಒಂದು ಶ್ರುತಿಗೆ

106ರ ಪಿಚ್‌ಗೆ ಶ್ರುತಿ ಮಾಡುವ ಕೆಲಸವಿಲ್ಲ, ಎಣಿಸುವುದು ಟೈಮರ್. ಹೊಂದಿಸಬೇಕಾದ್ದು ಫಿಲ್ಟರ್. ಇದನ್ನು ಬಿಟ್ಟರೆ ಆರೂ ವಾಯ್ಸ್ ಬದುಕಿದ್ದರೂ ಕಾರ್ಡ್ ನುಡಿಸಿದಾಗ ಒಂದು ಸ್ವರ ಹೊಳೆದು ಇನ್ನೊಂದು ಮಂಕಾಗಿ, ಕೇಳುವವರಿಗೆ ಏನೋ ಹೊಂದಿಕೆಯಾಗುತ್ತಿಲ್ಲ ಎನಿಸುತ್ತದೆ. ಆನ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ಶುರುಮಾಡಿ.

ಕೋರಸ್ ಆಫ್. ಎಚ್‌ಪಿಎಫ್ (ಕೆಳಗಿನ ಸದ್ದನ್ನು ಕತ್ತರಿಸುವ ಫಿಲ್ಟರ್) ಸ್ಲೈಡರ್ 1ರಲ್ಲಿ ಇರಲಿ; 0 ಅಂದರೆ ಸಮತಟ್ಟು ಎಂದುಕೊಳ್ಳುವವರಿದ್ದಾರೆ, 106ರಲ್ಲಿ 0 ಅಂದರೆ ಬೇಸ್ ಏರಿಕೆ. ಅಲೆಗಳೆಲ್ಲ ಮುಚ್ಚಿ, ರೆಸೊನೆನ್ಸ್ ಪೂರ್ತಿ, ಕೀ ಫಾಲೋ ಪೂರ್ತಿ, ಎನ್ವೆಲಪ್ ಮತ್ತು ಎಲ್‌ಎಫ್‌ಒ (ನಿಧಾನವಾಗಿ ಅಲುಗಿಸುವ ಅಲೆ) ಪ್ರಭಾವ ಸೊನ್ನೆ. ಈಗ ಕೇಳುವ ಸಿಳ್ಳೆಯೇ ಫಿಲ್ಟರಿನ ಕಟಾಫ್. ಮೊಬೈಲಿನಲ್ಲಿ ಹರ್ಟ್ಸ್ ತೋರಿಸುವ ಟ್ಯೂನರ್ ಆ್ಯಪ್ ಇದ್ದರೆ ಫ್ರೀಕ್ವೆನ್ಸಿ ಕೌಂಟರ್ ಬೇಕಿಲ್ಲ.

ಒಂದೊಂದು ವಾಯ್ಸಿಗೂ ಫ್ರೀಕ್ವೆನ್ಸಿ ಮತ್ತು ವಿಡ್ತ್ ಎಂಬ ಬೇರೆ ಬೇರೆ ಟ್ರಿಮ್ಮರ್ ಇವೆ. ಕೆಳಗಿನ ಸಿ ಒತ್ತಿ ಫ್ರೀಕ್ವೆನ್ಸಿ ತಿರುಗಿಸಿ. ಮೂರು ಆಕ್ಟೇವ್ ಮೇಲಿನ ಸಿ ಒತ್ತಿ ವಿಡ್ತ್ ತಿರುಗಿಸಿ. ಮೂರು ಆಕ್ಟೇವ್ ಎಂದರೆ ಎಂಟು ಪಟ್ಟು: ಕೆಳಗೆ 248 ಹರ್ಟ್ಸ್ ಇಟ್ಟರೆ ಮೇಲೆ 1984 ಬರಬೇಕು. ಒಂದನ್ನು ತಿರುಗಿಸಿದರೆ ಇನ್ನೊಂದು ಕದಲುತ್ತದೆ, ಆದ್ದರಿಂದ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಮೂರು ನಾಲ್ಕು ಸುತ್ತು ಬೇಕು. ಹಳೆಯ ಟ್ರಿಮ್ಮರ್ ತಿರುಗಿಸಿದಾಗ ಕರಕರ ಎಂದರೆ ಆಚೆ ಈಚೆ ಹತ್ತು ಸಲ ಆಡಿಸಿ. ಮತ್ತೂ ಜಿಗಿದರೆ ಹೊಸದು ಹಾಕಿ. ಜಿಗಿಯುವ ಟ್ರಿಮ್ಮರಿನಲ್ಲಿ ಮಾಡಿದ ಹೊಂದಿಕೆ ಯಂತ್ರ ಮುಚ್ಚುವಷ್ಟರಲ್ಲಿ ಹಾಳಾಗಿರುತ್ತದೆ.

ನಂತರ ರೆಸೊನೆನ್ಸ್ ಟ್ರಿಮ್ಮರ್: ಸಿಳ್ಳೆಯ ಎತ್ತರ ಆರರಲ್ಲೂ ಸ್ಕೋಪಿನಲ್ಲಿ ಒಂದೇ ಇರಲಿ. ಕೊನೆಗೆ ಗೇನ್. ಸಾ ವೇವ್ ಹಾಕಿ, ಫಿಲ್ಟರ್ ಪೂರ್ತಿ ತೆರೆದು, ಔಟ್‌ಪುಟ್ಟನ್ನು ಕಂಪ್ಯೂಟರಿನ ರೆಕಾರ್ಡಿಂಗ್ ಮೀಟರಿಗೆ ಕೊಟ್ಟು ಅರ್ಧ ಡೆಸಿಬೆಲ್ ಒಳಗೆ ತನ್ನಿ. ಕೀ ಒತ್ತಿದಾಗ ಸ್ವರದ ಜೊತೆ ಟಪ್ ಎಂಬ ಹೊಡೆತ ಕೇಳಿದರೆ ಆ ವಾಯ್ಸಿನ ವಿಸಿಎ ಆಫ್‌ಸೆಟ್ ತಪ್ಪಿದೆ. ಅಲೆಗಳೆಲ್ಲ ಮುಚ್ಚಿ ಬರೀ ಆ ಟಪ್ ಅನ್ನೇ ಕೇಳುತ್ತಾ ಅದು ಅಡಗುವವರೆಗೆ ತಿರುಗಿಸಿ.

ಉಳಿದ ಚಿಲ್ಲರೆ

ಬ್ಯಾಟರಿ ಸಿಆರ್2032. ಬೋರ್ಡಿಗೇ ಬೆಸೆದಿದ್ದಾರೆ, ಅದನ್ನು ತೆಗೆದ ಕೂಡಲೇ 128 ಪ್ಯಾಚ್ (ಉಳಿಸಿಟ್ಟ ಧ್ವನಿ ಸೆಟ್ಟಿಂಗ್) ಮಾಯ. ಹಾಗಾಗಿ ಮೊದಲು ಹಿಂಬದಿಯ ಟೇಪ್ ಸೇವ್ ಕಿಂಡಿಯಿಂದ ಕಂಪ್ಯೂಟರಿಗೆ ವೇವ್ ಫೈಲಾಗಿ ರೆಕಾರ್ಡ್ ಮಾಡಿ. ಎಂಪಿ3 ಬೇಡ, ಗದ್ದಲ ತೆಗೆಯುವ ಯಾವ ಫಿಲ್ಟರೂ ಬೇಡ. ಆ ಕಿರುಚಾಟವೇ ಡೇಟಾ. ರೆಕಾರ್ಡ್ ಮಾಡಿದ ಮೇಲೆ ವೆರಿಫೈ ಮಾಡದೆ ಬ್ಯಾಟರಿ ಮುಟ್ಟಬೇಡಿ. ಹೊಸ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕುವುದು ಅಪಾಯ, ಹೋಲ್ಡರ್ ಹಾಕಿ. ವಾಪಸ್ ಲೋಡ್ ಆಗುತ್ತಿಲ್ಲ ಎಂದರೆ ಹಿಂಬದಿಯ ಮೆಮೊರಿ ಪ್ರೊಟೆಕ್ಟ್ ಆಫ್ ಆಗಿದೆಯೇ ನೋಡಿ, ಆಮೇಲೆ ಕಂಪ್ಯೂಟರಿನ ವಾಲ್ಯೂಮ್ ಏರಿಸಿ. ಅಂದಹಾಗೆ ಇದು ಲಿಥಿಯಂ ಸೆಲ್ ಆಗಿರುವುದು 106ರ ಭಾಗ್ಯ. ಅದೇ ಕಾಲದ ಕೋರ್ಗ್ ಪಾಲಿಸಿಕ್ಸ್ ಸಿಂತಸೈಜರಿನಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಅದರ ಕ್ಷಾರ ಸೋರಿ ಕೆಎಲ್‌ಎಂ-367 ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದಿರುತ್ತದೆ. ಅಲ್ಲಿ ವಿನೆಗರಿನಿಂದ ಕ್ಷಾರ ತಣಿಸಿ, ತೊಳೆದು, ಗೆರೆಗೆ ಗೆರೆ ತಂತಿ ಎಳೆಯುತ್ತಾ ಕೂರಬೇಕು.

ಸ್ಲೈಡರ್ ಜಿಗಿದರೆ ಅದು ಬಹುಮಟ್ಟಿಗೆ ಧೂಳು. ಫೇಡರ್‌ಗೆಂದೇ ಬರುವ ಎಣ್ಣೆಯಿರುವ ಕ್ಲೀನರ್ ಒಂದು ಹನಿ ಬಿಟ್ಟು ಐವತ್ತು ಸಲ ಆಡಿಸಿ. ಡಬ್ಲ್ಯೂಡಿ-40 ಬಾಗಿಲ ಕೀಲಿಗೆ ಇರಲಿ. ಕೀ ಒತ್ತಿದರೂ ನುಡಿಯದ, ಆದರೆ ಎಲ್ಲ ವಾಯ್ಸಿನಲ್ಲೂ ಅದೇ ಕೀ ಮಾತ್ರ ತಪ್ಪುವ ತೊಂದರೆ ರಬ್ಬರ್ ಕಾಂಟ್ಯಾಕ್ಟ್ ಪಟ್ಟಿಯದು. ಐಸೊಪ್ರೊಪೈಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ರಬ್ಬರಿನ ಕರಿ ಗುಂಡಿಯನ್ನೂ ಬೋರ್ಡಿನ ಇಂಗಾಲದ ಪಟ್ಟಿಯನ್ನೂ ಒರೆಸಿ, ಕೆರೆಯಬೇಡಿ.

ಕೋರಸ್ ಹಾಕಿದಾಗ ಕೇಳುವ ಸುಯ್ಯೆಂಬ ಸದ್ದು ರೋಗವಲ್ಲ, ಹುಟ್ಟುಗುಣ. ಸದ್ದನ್ನು ತಡಮಾಡಿ ಕೊಡುವ ಎರಡು ಎಂಎನ್3009 ಐಸಿ, ಒಂದೊಂದರಲ್ಲಿ 256 ಹಂತ, ಆ ಸದ್ದು ಅವುಗಳದು. ಆದರೆ ಎಡಕ್ಕೂ ಬಲಕ್ಕೂ ಸುಯ್ಯಿನಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಅಥವಾ ಒಂದು ಕಡೆ ಅಲೆಯೇ ಇಲ್ಲದಿದ್ದರೆ ಕ್ಲಾಕ್ ಕೊಡುವ ಎಂಎನ್3101ನ್ನು ಮೊದಲು ನೋಡಿ, ಆಮೇಲೆ 3009. ಅಂಗಡಿಯವರು ಎಂಎನ್3209 ಕೊಟ್ಟು "ಎರಡೂ ಒಂದೇ" ಎಂದರೆ ನಂಬಬೇಡಿ. ಹಂತ ಅಷ್ಟೇ, ಆದರೆ ಅದು ಕಡಿಮೆ ವೋಲ್ಟೇಜಿನ ತಮ್ಮ. 106ರ ಕೋರಸ್ಸಿಗೆ ಹಾಕಿದರೆ ಬದುಕುವುದಿಲ್ಲ.

ಎಲ್ಲ ಮುಗಿದ ಮೇಲೆ ಪ್ಯಾನೆಲ್ ಮುಚ್ಚಿ, ಸ್ಕ್ರೂ ಬಿಗಿಯದೆ, ಎರಡು ಗಂಟೆ ಆನ್ ಇಟ್ಟು ಮತ್ತೆ ಟೆಸ್ಟ್ ಮೋಡ್‌ನಲ್ಲಿ 1ರಿಂದ 6. ಯಾವ ವಾಯ್ಸಿಗೆ ಸುಲಿದ ಚಿಪ್, ಯಾವುದಕ್ಕೆ ಬದಲಿ, ಬ್ಯಾಟರಿ ಹಾಕಿದ ತಿಂಗಳು ಯಾವುದು ಎಂದು ಬರೆದ ಚೀಟಿಯೊಂದನ್ನು ಮುಚ್ಚಳದ ಒಳಮೈಗೆ ಅಂಟಿಸಿ, ಆಮೇಲೆ ಸ್ಕ್ರೂ ಬಿಗಿಯಿರಿ.